ಶಾಲೆಯ ಕಲಾಪಾಠ: ಯಾರನ್ನು ಕರೆಯೋದು, ದುಡ್ಡು ಎಲ್ಲಿಂದ ತರೋದು?

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಕಬ್ಬಿಣದ ಬೀರು ಒಂದಿತ್ತು. ಅದರೊಳಗೆ ಒಂದು ಕೀಬೋರ್ಡು. ದಾನಿಯೊಬ್ಬರು ಕೊಡಿಸಿದ್ದು. ಕೊಟ್ಟ ದಿನ ಫೋಟೋ ತೆಗೆದರು, ಮಕ್ಕಳು ಚಪ್ಪಾಳೆ ಹೊಡೆದರು, ಸಂಜೆ ಹೊತ್ತಿಗೆ ಅದು ಬೀರು ಸೇರಿತು. ಕೀಲಿಕೈ ಆಫೀಸಿನಲ್ಲಿ. ನುಡಿಸಲು ಬರುವವರು ಶಾಲೆಯಲ್ಲಿ ಒಬ್ಬರೂ ಇರಲಿಲ್ಲ. ಎರಡು ವರ್ಷದ ಮೇಲೆ ಯಾರೋ ನೆನಪು ಮಾಡಿಕೊಂಡು ಹೊರಗೆ ತೆಗೆದರೆ ಅಡಾಪ್ಟರ್ ಕಾಣೆ.

ದುಡ್ಡಿಲ್ಲದೆ ಹೀಗಾಯಿತು ಅನ್ನುವ ಹಾಗಿಲ್ಲ. ದುಡ್ಡು ಬಂದಿತ್ತು. ಬಂದ ದುಡ್ಡಿಗೂ ಆಗಬೇಕಿದ್ದ ಕೆಲಸಕ್ಕೂ ತಾಳೆ ಇರಲಿಲ್ಲ. ಕಲಾಪಾಠಕ್ಕೆ ನೆರವು ಹುಡುಕುವ ಬಹಳ ಶಾಲೆಗಳು ಎಡವುವುದು ಇಲ್ಲೇ. ಯಾವ ಗ್ರ್ಯಾಂಟ್ ಸಿಗುತ್ತದೆ ಅಂತ ಮೊದಲು ನೋಡುತ್ತೇವೆ. ಸಿಕ್ಕಿದ ಮೇಲೆ ಏನು ಮಾಡೋಣ ಅಂತ ಕೂತು ಯೋಚಿಸುತ್ತೇವೆ. ನಾನು ಇಲ್ಲಿ ಉಲ್ಟಾ ಹೋಗುತ್ತೇನೆ. ಮೊದಲು ಯಾರು ಬೇಕು, ಆಮೇಲೆ ಅವರಿಗೆ ಹೊಂದುವ ದುಡ್ಡು ಯಾವುದು.

ಕಾಯಂ ಮೇಷ್ಟ್ರೋ, ಬಂದು ಹೋಗುವ ಕಲಾವಿದರೋ?

ಜರಡಿ ಹಿಡಿದರೆ ಉಳಿಯುವ ಆಯ್ಕೆಗಳು ನಾಲ್ಕು. ಕಾಯಂ ಕಲಾ ಶಿಕ್ಷಕರು, ಕೆಲವು ವಾರ ಬಂದು ಕಲಿಸುವ ಕಲಾವಿದರು, ಇರುವ ತರಗತಿ ಶಿಕ್ಷಕರಿಗೇ ತರಬೇತಿ, ಇಲ್ಲವೇ ಒಂದು ದಿನದ ಕಾರ್ಯಕ್ರಮ.

ಆಯ್ಕೆ ನನ್ನದೇ ಆದರೆ ಕಾಯಂ ಶಿಕ್ಷಕರನ್ನೇ ಹಿಡಿಯುತ್ತೇನೆ. ಕಾರಣ ಸರಳ. ಅವರಿಗೆ ಮಕ್ಕಳ ಹೆಸರು ಗೊತ್ತಿರುತ್ತದೆ. ಹೋದ ವರ್ಷ ಹಾಳೆಯ ಮೂಲೆಯಲ್ಲಿ ಇಷ್ಟೇ ಇಷ್ಟು ಚಿತ್ರ ಬರೆಯುತ್ತಿದ್ದ ಹುಡುಗಿ ಈ ವರ್ಷ ಹಾಳೆ ತುಂಬ ಬರೆಯುತ್ತಿದ್ದಾಳೆ ಅನ್ನುವುದು ಅವರ ಕಣ್ಣಿಗೆ ಮಾತ್ರ ಬೀಳುತ್ತದೆ. ಇಟಲಿಯ ರೆಜ್ಜೋ ಎಮಿಲಿಯಾ ಊರಿನ ಶಿಶುಶಾಲೆಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡವು. ಲೋರಿಸ್ ಮಲಗುಜ್ಜಿ ಕಟ್ಟಿ ಬೆಳೆಸಿದ ಆ ಶಾಲೆಗಳಲ್ಲಿ ಕಲೆ ಕಲಿತವರೊಬ್ಬರು ತರಗತಿ ಶಿಕ್ಷಕರ ಜೊತೆಗೇ ಇರುತ್ತಾರೆ. ಅವರನ್ನು ಅತೆಲಿಯೆರಿಸ್ತಾ ಅನ್ನುತ್ತಾರೆ. ಶಾಲೆಯೊಳಗೇ ಅವರಿಗೊಂದು ಕೆಲಸದ ಕೋಣೆಯೂ ಇರುತ್ತದೆ.

ಆದರೆ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಅನ್ನುವ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಅಮೆರಿಕದ ಪೋರ್ಟ್‌ಲೆಂಡ್ ನಗರದವರು 2012ರಲ್ಲಿ ಮತ ಹಾಕಿ ಕಲೆಗೆಂದೇ ಒಂದು ತೆರಿಗೆ ತಂದುಕೊಂಡರು. ದುಡಿಯುವ ವಯಸ್ಕರೊಬ್ಬರಿಗೆ ವರ್ಷಕ್ಕೆ 35 ಡಾಲರ್. ಅದರಲ್ಲಿ ಪ್ರಾಥಮಿಕ ತರಗತಿಗಳ 500 ಮಕ್ಕಳಿಗೆ ಒಬ್ಬರಂತೆ ಕಲಾ ಶಿಕ್ಷಕರು ಅಂತ ಗುರಿ ಇಟ್ಟುಕೊಂಡರು. ಈ 500 ಅನ್ನು ಟೈಮ್‌ಟೇಬಲ್ ಮೇಲೆ ಇಟ್ಟು ನೋಡಿ. ತರಗತಿಗೆ 30 ಮಕ್ಕಳು ಅಂದರೆ ಹದಿನೇಳು ತರಗತಿ. ವಾರಕ್ಕೆ ಒಂದೊಂದು ಪೀರಿಯಡ್ ಕೊಟ್ಟರೆ ಹದಿನೇಳು ಪೀರಿಯಡ್, ಎರಡೆರಡು ಕೊಟ್ಟರೆ ಮೂವತ್ತನಾಲ್ಕು. ಮೂವತ್ತನಾಲ್ಕು ಪೀರಿಯಡ್ ಮಾಡುವವರಿಗೆ ಮಕ್ಕಳ ಕೆಲಸ ತಿರುಗಿಸಿ ನೋಡುವ ಪುರಸೊತ್ತೂ ಇರುವುದಿಲ್ಲ. ಸಾವಿರ ಮಕ್ಕಳ ಶಾಲೆಗೆ ಒಬ್ಬರನ್ನೇ ಇಟ್ಟುಕೊಂಡು ‘ನಮ್ಮಲ್ಲಿ ಆರ್ಟ್ ಟೀಚರ್ ಇದ್ದಾರೆ’ ಅಂತ ಹೇಳಿಕೊಳ್ಳುವುದು ಸುಮ್ನೆ ಮಾತಿಗೆ ಅಷ್ಟೇ.

ಇನ್ನೊಂದು ತೊಂದರೆಯನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ ತುಂಬಿಸಲು ಮೊದಲು ನೆನಪಾಗುವುದು ಡ್ರಾಯಿಂಗ್ ಮೇಷ್ಟ್ರೇ. ಸ್ಟೇಜ್ ಅಲಂಕಾರ, ಬ್ಯಾನರ್ ಬರೆಯುವುದು, ಪರೀಕ್ಷೆ ಮೇಲ್ವಿಚಾರಣೆ ಎಲ್ಲ ಅವರ ತಲೆಗೇ. ನೇಮಕ ಮಾಡುವಾಗಲೇ ‘ಕಲಾ ಪೀರಿಯಡ್ ಬೇರೆ ಕೆಲಸಕ್ಕೆ ಹೋಗುವಂತಿಲ್ಲ’ ಅಂತ ಒಂದು ಸಾಲು ಹಾಕಿಸಿದರೆ ಅರ್ಧ ಗೆದ್ದ ಹಾಗೆ.

ಬಂದು ಹೋಗುವ ಕಲಾವಿದರ ವಿಷಯ ಬೇರೆ. ರೆಸಿಡೆನ್ಸಿ ಅಂತ ಕರೆಯುತ್ತಾರೆ. ವಾರಕ್ಕೊಮ್ಮೆಯಂತೆ ಎಂಟು ಹತ್ತು ವಾರ ಇರಬಹುದು, ಇಲ್ಲವೇ ಎರಡು ವಾರ ದಿನಾ ಬರಬಹುದು. ಇವರು ತರುವ ಬಿಸಿಯನ್ನು ಶಾಲೆಯೊಳಗಿನ ಯಾರೂ ತರಲಾರರು. ಇವತ್ತೂ ಅದೇ ಕಸುಬಿನಲ್ಲಿ ಅನ್ನ ಹುಟ್ಟಿಸಿಕೊಳ್ಳುವ ಮನುಷ್ಯ ಎದುರಿಗೆ ನಿಂತಿರುತ್ತಾನಲ್ಲ, ಅದರ ಬಿಸಿ ಅದು.

ಒಮ್ಮೆ ನಮ್ಮಲ್ಲಿಗೆ ಮಣ್ಣಿನ ಕೆಲಸದವರೊಬ್ಬರು ಬಂದರು. ಮೊದಲ ದಿನ ನಲವತ್ತು ಮಕ್ಕಳು, ಒಂದು ತಿಗರಿ. ಒಬ್ಬ ಹುಡುಗ ತಿಗರಿ ಮುಂದೆ, ಮೂವತ್ತೊಂಬತ್ತು ಮಂದಿ ಸಾಲಿನಲ್ಲಿ. ನಲ್ಲಿ ಇದ್ದದ್ದು ಕಾರಿಡಾರಿನ ಆ ತುದಿಗೆ. ನಲವತ್ತೈದು ನಿಮಿಷದಲ್ಲಿ ಇಪ್ಪತ್ತು ನಿಮಿಷ ಕೈ ತೊಳೆಯುವುದಕ್ಕೇ ಹೋಯಿತು. ತರಗತಿ ಟೀಚರ್ ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ ತಿದ್ದುತ್ತಿದ್ದರು. ಎರಡನೇ ವಾರ ತಿಗರಿ ಮೂಲೆಗೆ ಹೋಯಿತು. ಮಣ್ಣಿನ ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ, ಬಟ್ಟಲು ಮಾಡುವುದನ್ನು ಎಲ್ಲರೂ ಒಟ್ಟಿಗೆ ಶುರು ಮಾಡಿದರು. ತರಗತಿ ಬಾಗಿಲಲ್ಲೇ ಎರಡು ಬಕೆಟ್ ನೀರು. ಮೂರನೇ ವಾರ ಟೀಚರ್ ನೋಟ್‌ಬುಕ್ ಮುಚ್ಚಿಟ್ಟು ತಾವೂ ಮಣ್ಣಿಗೆ ಕೈ ಹಾಕಿದರು. ಮರುವರ್ಷ ಕಲಾವಿದರು ಬರಲಿಲ್ಲ, ದುಡ್ಡು ಇರಲಿಲ್ಲ. ಆದರೂ ಮಣ್ಣಿನ ಪಾಠ ನಡೆಯಿತು. ಆ ಟೀಚರೇ ಮಾಡಿಸಿದರು.

ರೆಸಿಡೆನ್ಸಿ ಹೋಲಿಸುವಾಗ ನಾನು ಮೊದಲು ಕೇಳುವುದು ಈ ಕಥೆಯಿಂದ ಕಲಿತದ್ದನ್ನೇ. ಕಲಾವಿದರು ಪಾಠ ಮಾಡುವಾಗ ತರಗತಿ ಶಿಕ್ಷಕರು ಎಲ್ಲಿರುತ್ತಾರೆ? ಸ್ಟಾಫ್ ರೂಮಿನಲ್ಲಿ ಅಂತ ಉತ್ತರ ಬಂದರೆ ಆ ಯೋಜನೆ ಎಷ್ಟೇ ಚೆನ್ನಾಗಿ ಕಂಡರೂ ಕಲಾವಿದರ ಜೊತೆಗೇ ಗೇಟು ದಾಟಿ ಹೋಗುತ್ತದೆ. ಮಕ್ಕಳ ಸುರಕ್ಷತೆಗೂ ಇದು ಬೇಕು. ಹೊರಗಿನವರೊಬ್ಬರನ್ನೇ ಮಕ್ಕಳ ಜೊತೆ ಬಿಟ್ಟು ಹೋಗುವುದು ಸರಿಯಲ್ಲ, ಅವರು ಎಷ್ಟೇ ದೊಡ್ಡ ಹೆಸರಿನವರಾಗಿರಲಿ.

ಹತ್ತು ದಿನ ಸತತವಾಗಿ ಬೇಕೋ, ಹತ್ತು ವಾರಕ್ಕೆ ಹಂಚಬೇಕೋ? ನಾಟಕ, ಗೋಡೆಚಿತ್ರದಂಥ ಒಂದೇ ಉಸಿರಿನ ಕೆಲಸಕ್ಕೆ ಸತತ ದಿನಗಳು ಒಳ್ಳೆಯದು. ಹಾಡು, ವಾದ್ಯ, ಕುಣಿತಕ್ಕೆ ವಾರದ ಲೆಕ್ಕವೇ ಸರಿ. ನಡುವೆ ಅಭ್ಯಾಸಕ್ಕೆ ದಿನ ಸಿಗುತ್ತದೆ.

ಗೌರವಧನದ ಬಗ್ಗೆಯೂ ಒಂದು ಮಾತು. ‘ಮಕ್ಕಳಿಗೋಸ್ಕರ ಅಲ್ವಾ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ’ ಅಂತ ಕಲಾವಿದರಿಗೆ ಹೇಳುವವರು ಶಾಲೆಯ ನಲ್ಲಿ ರಿಪೇರಿಗೆ ಬಂದವರಿಗೆ ಹಾಗೆ ಹೇಳುವುದಿಲ್ಲ. ಪಾಠದ ದಿನಗಳಿಗೆ ಮಾತ್ರವಲ್ಲ, ಟೀಚರ್ ಜೊತೆ ಕೂತು ಯೋಜನೆ ಮಾಡುವ ದಿನಕ್ಕೂ, ಓಡಾಟಕ್ಕೂ, ಸಾಮಾನಿಗೂ ದುಡ್ಡು ಇಡಬೇಕು. ಯೋಜನೆಯ ದಿನಕ್ಕೆ ಸಂಬಳವಿಲ್ಲದಿದ್ದರೆ ಆ ದಿನ ಇರುವುದೇ ಇಲ್ಲ. ಮೊದಲ ವಾರ ನಲವತ್ತು ಮಕ್ಕಳು ಒಂದು ತಿಗರಿ ಆದದ್ದು ಅದಕ್ಕೇ.

ತರಗತಿ ಶಿಕ್ಷಕರಿಗೇ ತರಬೇತಿ ಕೊಡುವುದು ಮಗುವಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ. ಒಬ್ಬ ಟೀಚರ್ ಕಲಿತರೆ ವರ್ಷ ವರ್ಷ ಹೊಸ ಮಕ್ಕಳಿಗೆ ಅದು ಹೋಗುತ್ತದೆ. ಆದರೆ ಒಂದು ದಿನದ ಕಾರ್ಯಾಗಾರಕ್ಕೆ ದುಡ್ಡು ಹಾಕಬೇಡಿ. ಅವತ್ತು ಎಲ್ಲರೂ ಖುಷಿಯಾಗಿ ಬಣ್ಣ ಹಚ್ಚುತ್ತಾರೆ, ಸರ್ಟಿಫಿಕೇಟ್ ತೆಗೆದುಕೊಳ್ಳುತ್ತಾರೆ, ಸೋಮವಾರ ಪೋರ್ಷನ್ ಮುಗಿಸುವ ಚಿಂತೆ. ತರಬೇತಿ ಕೊಟ್ಟವರು ಆಮೇಲೆ ತರಗತಿಗೇ ಬಂದು ಪಕ್ಕದಲ್ಲಿ ನಿಲ್ಲುತ್ತಾರಾ, ಎಷ್ಟು ಸಲ ಬರುತ್ತಾರೆ ಅಂತ ಕೇಳಿ. ಇನ್ನೊಂದು ಅಪಾಯವೂ ಇದೆ. ‘ಪಾಠದ ಜೊತೆ ಕಲೆ’ ಅನ್ನುವುದು ಬಹಳ ಕಡೆ ವಿಜ್ಞಾನದ ಪೋಸ್ಟರಿಗೆ ಬಣ್ಣ ತುಂಬುವುದಾಗಿ ನಿಂತುಬಿಡುತ್ತದೆ. ಮಳೆ ಹೇಗೆ ಬರುತ್ತದೆ ಅನ್ನುವುದನ್ನು ಮಕ್ಕಳು ಕುಣಿದು ತೋರಿಸಿದರು ಅಂದಾಗ ಮಳೆಯ ಪಾಠವೂ ಆಗಬೇಕು, ಕುಣಿತದ ಪಾಠವೂ ಆಗಬೇಕು. ಎರಡರಲ್ಲಿ ಒಂದೇ ಆದರೆ ಬರೀ ಗದ್ದಲ.

ರೆಸಿಡೆನ್ಸಿಗೂ ಶಿಕ್ಷಕರ ತರಬೇತಿಗೂ ನಡುವಿನ ದಾರಿಯನ್ನು ಐರ್ಲೆಂಡ್ 2018ರಲ್ಲಿ ಹಿಡಿಯಿತು. ಕ್ರಿಯೇಟಿವ್ ಸ್ಕೂಲ್ಸ್ ಅನ್ನುವ ಯೋಜನೆ. ಸೇರಿದ ಶಾಲೆಗೆ ಸ್ವಲ್ಪ ಹಣದ ಜೊತೆ ಒಬ್ಬ ಒಡನಾಡಿಯನ್ನು ಕೊಡುತ್ತಾರೆ. ಅವರು ಕಲಾವಿದರಿರಬಹುದು, ಶಿಕ್ಷಕರಿರಬಹುದು. ಅವರ ಕೆಲಸ ಪಾಠ ಮಾಡುವುದಲ್ಲ. ಶಾಲೆ ತನ್ನದೇ ಯೋಜನೆ ಬರೆದುಕೊಳ್ಳಲು, ಯಾರನ್ನು ಕರೆಯಬೇಕು ಅಂತ ಗೊತ್ತುಮಾಡಿಕೊಳ್ಳಲು ಕೈಜೋಡಿಸುವುದು. ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲದ ಶಾಲೆಗೆ ಇಂಥ ಒಬ್ಬ ಮನುಷ್ಯ ದುಡ್ಡಿಗಿಂತ ಜಾಸ್ತಿ.

ಒಂದು ದಿನದ ಕಾರ್ಯಕ್ರಮವನ್ನು ಬೇಗ ಮುಗಿಸುತ್ತೇನೆ. ಒಳ್ಳೆಯ ಸಂಗೀತ, ಒಳ್ಳೆಯ ನಾಟಕ ನೋಡದೆ ಮಗು ದೊಡ್ಡದಾಗಬಾರದು, ಸರಿ. 1977ರಲ್ಲಿ ಶುರುವಾದ ಸ್ಪಿಕ್ ಮೆಕೆ ಅನ್ನುವ ಸಂಸ್ಥೆ ಹೆಸರಾಂತ ಕಲಾವಿದರನ್ನು ವಿದ್ಯಾರ್ಥಿಗಳ ಎದುರೇ ಕೂರಿಸುತ್ತಾ ಬಂದಿರುವುದು ಇದೇ ನಂಬಿಕೆಯ ಮೇಲೆ. ನಾರ್ವೆ ದೇಶ 2001ರಿಂದ ಕಲಾವಿದರ ತಂಡಗಳನ್ನು ಶಾಲೆಗಳಿಗೆ ಕಳಿಸುತ್ತಿದೆ, ಅದಕ್ಕೆ ಲಾಟರಿಯ ಲಾಭದ ದುಡ್ಡು ಬಳಸುತ್ತದೆ. ‘ಸಂಸ್ಕೃತಿಯ ಶಾಲಾಚೀಲ’ ಅಂತ ಆ ಯೋಜನೆಯ ಹೆಸರು. ಆದರೆ ಅಲ್ಲಿ ಪ್ರತಿ ಮಗುವಿಗೂ ವರ್ಷ ವರ್ಷವೂ ಏನಾದರೊಂದು ತಲುಪುವ ವ್ಯವಸ್ಥೆ ಇದೆ. ನಿಮ್ಮ ಶಾಲೆ ಮೂರು ವರ್ಷಕ್ಕೊಮ್ಮೆ ಒಂದು ಸಂಗೀತ ಕಛೇರಿ ಇಟ್ಟರೆ ಅದು ಹಬ್ಬ, ಪಾಠವಲ್ಲ.

ದುಡ್ಡಿಗೂ ಒಂದೊಂದು ಸ್ವಭಾವ

ಸಾಲಕ್ಕೂ ಸಂಬಳಕ್ಕೂ ವ್ಯತ್ಯಾಸ ಇರುವ ಹಾಗೆ ಕಲಾಪಾಠಕ್ಕೆ ಬರುವ ದುಡ್ಡಿಗೂ ಸ್ವಭಾವ ಇರುತ್ತದೆ. ಕೆಲವು ಪ್ರತಿ ವರ್ಷ ಬರುತ್ತವೆ, ಕೆಲವು ಒಂದೇ ಸಲ. ಕೆಲವು ಮನುಷ್ಯರಿಗೆ ಕೊಡಬಹುದಾದವು, ಕೆಲವು ಸಾಮಾನಿಗೆ ಮಾತ್ರ.

ಎಲ್ಲಕ್ಕಿಂತ ನೀರಸವಾದ ದುಡ್ಡೇ ಎಲ್ಲಕ್ಕಿಂತ ಒಳ್ಳೆಯದು. ಬಜೆಟ್ಟಿನಲ್ಲಿ ಕಲೆಗೆ ಅಂತ ಇರುವ ಒಂದು ಸಾಲು. ಅದಕ್ಕೆ ಫೋಟೋ ಇಲ್ಲ, ಸಮಾರಂಭ ಇಲ್ಲ, ಆದರೆ ಮುಂದಿನ ವರ್ಷವೂ ಇರುತ್ತದೆ. ಕ್ಯಾಲಿಫೋರ್ನಿಯಾದವರು 2022ರ ನವೆಂಬರಿನಲ್ಲಿ ಪ್ರೊಪೊಸಿಷನ್ 28 ಅನ್ನುವ ಕಾನೂನು ಪ್ರಸ್ತಾಪಕ್ಕೆ ಮತ ಹಾಕಿ ಇಂಥದ್ದೊಂದು ಸಾಲನ್ನು ಕಾನೂನನ್ನಾಗಿ ಮಾಡಿಕೊಂಡರು. ಶಾಲೆಗಳಿಗೆ ಖಾತ್ರಿಯಾಗಿ ಸಿಗಬೇಕಾದ ಹಣ ಎಷ್ಟೋ, ಅದರ ಶೇಕಡಾ 1ರಷ್ಟು ಮೊತ್ತ ಪ್ರತಿ ವರ್ಷ ಕಲೆ ಮತ್ತು ಸಂಗೀತ ಪಾಠಕ್ಕೆ ಹೆಚ್ಚುವರಿಯಾಗಿ ಬರಬೇಕು. 500 ಮತ್ತು ಅದಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ ಅದರಲ್ಲಿ ಶೇಕಡಾ 80ರಷ್ಟು ಸಿಬ್ಬಂದಿಗೇ ಹೋಗಬೇಕು. ಆಡಳಿತದ ಖರ್ಚು ಶೇಕಡಾ 1 ದಾಟಬಾರದು. ಉಳಿದದ್ದು ತರಬೇತಿ, ಸಾಮಾನು, ಹೊರಗಿನ ಸಂಸ್ಥೆಗಳ ಜೊತೆಗಿನ ಕೆಲಸಕ್ಕೆ.

ನನಗೆ ಈ ಕಾನೂನಿನಲ್ಲಿ ಇಷ್ಟವಾದದ್ದು ಆ 80. ಶಾಸನ ಬರೆದವರು ಯಾರೋ ನಮ್ಮ ಬೀರುವನ್ನು ನೋಡಿರಬೇಕು ಅನ್ನಿಸಿತು. ಅದರಲ್ಲಿ ಇನ್ನೊಂದು ಷರತ್ತೂ ಇದೆ. ಹೊಸ ದುಡ್ಡು ಇದ್ದದ್ದರ ಮೇಲೆ ಸೇರಬೇಕೇ ಹೊರತು ಇದ್ದದ್ದನ್ನು ತೆಗೆದು ಆ ಜಾಗಕ್ಕೆ ಇಡುವಂತಿಲ್ಲ. ಎಲ್ಲೇ ಆಗಲಿ ಇದನ್ನು ಕಾಯುತ್ತಿರಬೇಕು. ಗ್ರ್ಯಾಂಟ್ ಬಂತು ಅಂತ ಗೊತ್ತಾದ ತಕ್ಷಣ ‘ಹಾಗಾದರೆ ಈ ವರ್ಷ ಬಣ್ಣ, ಪೇಪರಿನ ದುಡ್ಡು ಉಳಿಯಿತಲ್ಲ’ ಅನ್ನುವವರು ಒಬ್ಬರು ಪ್ರತಿ ಕಮಿಟಿಯಲ್ಲೂ ಇರುತ್ತಾರೆ. ಗ್ರ್ಯಾಂಟ್ ಮುಗಿದಾಗ ಆ ಹಳೆಯ ದುಡ್ಡು ವಾಪಸ್ ಬರುವುದಿಲ್ಲ.

ಅರ್ಜಿ ಹಾಕಿ ಪಡೆಯುವ ಗ್ರ್ಯಾಂಟ್ ಆಗುವುದು ಒಂದು ಕೆಲಸವನ್ನು ಶುರು ಮಾಡಲಿಕ್ಕೆ. ನಡೆಸಿಕೊಂಡು ಹೋಗಲಿಕ್ಕೆ ಅಲ್ಲ. ಒಂದು, ಎರಡು, ಹೆಚ್ಚೆಂದರೆ ಮೂರು ವರ್ಷ. ಇಂಗ್ಲೆಂಡಿನ ಕ್ರಿಯೇಟಿವ್ ಪಾರ್ಟ್‌ನರ್‌ಶಿಪ್ಸ್ ಯೋಜನೆ 2002ರಲ್ಲಿ ಶುರುವಾಗಿ ಸಾವಿರಾರು ಶಾಲೆಗಳಿಗೆ ಕಲಾವಿದರನ್ನು ಒಯ್ದಿತು. ಸರ್ಕಾರ ದುಡ್ಡು ನಿಲ್ಲಿಸಿತು, 2011ಕ್ಕೆ ಮುಗಿಯಿತು. ಅಷ್ಟು ದೊಡ್ಡದೇ ನಿಂತುಹೋಗಬಹುದು ಅಂದರೆ ನಿಮ್ಮ ಗ್ರ್ಯಾಂಟಿನ ಗ್ಯಾರಂಟಿ ಯಾರು ಕೊಡುತ್ತಾರೆ? ಹಾಗಾಗಿ ಗ್ರ್ಯಾಂಟಿನಲ್ಲಿ ಕಾಯಂ ಸಂಬಳ ಕಟ್ಟಬೇಡಿ. ರೆಸಿಡೆನ್ಸಿ, ಶಿಕ್ಷಕರ ತರಬೇತಿ, ಮುಗಿದ ಮೇಲೂ ಉಳಿಯುವ ಕೆಲಸಕ್ಕೆ ಹಾಕಿ.

ಗ್ರ್ಯಾಂಟ್‌ಗಳನ್ನು ಒಂದಕ್ಕೊಂದು ಹೋಲಿಸುವಾಗ ಮೊತ್ತ ನೋಡಿ ಮರುಳಾಗುವುದು ಸಹಜ. ನಾನು ಮೊದಲು ನೋಡುವುದು ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ. ಕೆಲವರು ಮುಂಗಡ ಕೊಡುತ್ತಾರೆ, ಕೆಲವರು ಕಂತಿನಲ್ಲಿ, ಕೆಲವರು ನೀವು ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ. ಕೈಯಲ್ಲಿ ಬಿಡಿಗಾಸು ಇಲ್ಲದ ಶಾಲೆಗೆ ಮೂರನೆಯದು ಎಷ್ಟೇ ದೊಡ್ಡ ಮೊತ್ತವಾದರೂ ಉಪಯೋಗಕ್ಕೆ ಬಾರದು. ಕಲಾವಿದರನ್ನು ಕಾಯಿಸಿ ಹೆಸರು ಕೆಡಿಸಿಕೊಳ್ಳುವುದು ಬೇರೆ. ಆಮೇಲೆ ಪಾಲಿನ ಷರತ್ತು. ಕಲೆಗೆ ನೆರವು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ತನ್ನ ಹೆಚ್ಚಿನ ಗ್ರ್ಯಾಂಟ್‌ಗಳಿಗೆ ಒಂದಕ್ಕೊಂದು ಪಾಲು ಕೇಳುತ್ತದೆ, ಅವರು ಎಷ್ಟು ಕೊಡುತ್ತಾರೋ ಅಷ್ಟನ್ನು ನೀವೂ ಬೇರೆ ಕಡೆಯಿಂದ ತೋರಿಸಬೇಕು. ಇಂಥ ಷರತ್ತು ಕಂಡು ಹೆದರಬೇಡಿ. ಶಾಲೆ ಕೊಡುವ ಹಾಲ್, ಸ್ವಯಂಸೇವಕರ ಸಮಯ, ಪುಕ್ಕಟೆ ಸಿಕ್ಕ ಸಾಮಾನು ಇವನ್ನೂ ಬೆಲೆ ಕಟ್ಟಿ ಪಾಲಿನಲ್ಲಿ ತೋರಿಸಲು ಬಿಡುವವರಿದ್ದಾರೆ. ಕೇಳಿ ನೋಡಿ. ಕೊನೆಗೆ ವರದಿ. ಸಣ್ಣ ಮೊತ್ತಕ್ಕೆ ನಲವತ್ತು ಪುಟದ ವರದಿ ಕೇಳುವವರು ಸಿಕ್ಕಿದರೆ ಕೈಮುಗಿದು ಬಂದುಬಿಡಿ. ಆ ವರದಿ ಬರೆಯುವುದು ಅದೇ ಡ್ರಾಯಿಂಗ್ ಮೇಷ್ಟ್ರು.

ದಾನಿಗಳಿಗೆ, ಕಂಪನಿಗಳಿಗೆ ಕಣ್ಣಿಗೆ ಕಾಣುವ ವಸ್ತು ಇಷ್ಟ. ವಾದ್ಯ, ಕೋಣೆ, ಬೋರ್ಡು. ಅವರನ್ನು ದೂರಿ ಪ್ರಯೋಜನ ಇಲ್ಲ, ನಾವು ಕೇಳುವುದೂ ಅದನ್ನೇ. ಕೀಬೋರ್ಡ್ ಕೊಡಿಸುತ್ತೇನೆ ಅಂದವರಿಗೆ ‘ಕೀಬೋರ್ಡ್ ಒಂದು ಸಣ್ಣದು ಸಾಕು, ಉಳಿದದ್ದರಲ್ಲಿ ಒಂದು ವರ್ಷ ಕಲಿಸುವವರನ್ನು ಕೊಡಿಸಿ’ ಅಂತ ಹೇಳಿ ನೋಡಿ. ಬಹಳ ಜನ ಒಪ್ಪುತ್ತಾರೆ. ಅವರಿಗೆ ಯಾರೂ ಹಾಗೆ ಕೇಳಿರುವುದಿಲ್ಲ, ಅಷ್ಟೇ.

ಆನ್‌ಲೈನಿನಲ್ಲಿ ಜನರಿಂದ ಸಂಗ್ರಹಿಸುವುದು ಸಾಮಾನಿಗೆ ಹೇಳಿ ಮಾಡಿಸಿದ ದಾರಿ. 2000ದಲ್ಲಿ ನ್ಯೂಯಾರ್ಕಿನ ಒಬ್ಬ ಶಿಕ್ಷಕರು ಶುರು ಮಾಡಿದ ಡೋನರ್ಸ್‌ಚೂಸ್ ಅನ್ನು ನೋಡಿ. ಟೀಚರ್ ತಮಗೆ ಬೇಕಾದ್ದನ್ನು ಪಟ್ಟಿ ಮಾಡುತ್ತಾರೆ, ಜನ ದುಡ್ಡು ಹಾಕುತ್ತಾರೆ, ಸಾಮಾನು ನೇರ ಶಾಲೆಗೆ ಬರುತ್ತದೆ. ಬಣ್ಣ, ಬ್ರಷ್, ಡ್ರಾಯಿಂಗ್ ಶೀಟಿಗೆ ಇದು ಸಾಕು. ಸಂಬಳಕ್ಕೆ ಇದನ್ನು ನಂಬಿ ಕೂರಬೇಡಿ. ಪಾಲಕರ ಹತ್ತಿರ ಪ್ರತ್ಯೇಕ ಫೀ ತೆಗೆದುಕೊಂಡು ಸಂಗೀತ ಕಲಿಸುವುದು ಸುಲಭ, ಬೇಗ ಶುರುವಾಗುತ್ತದೆ, ಆದರೆ ಕಟ್ಟಲಾಗದ ಮನೆಯ ಮಗು ಕಿಟಕಿಯಾಚೆ ನಿಂತು ಕೇಳುತ್ತದೆ. ನನಗೆ ಅದು ಬೇಡ.

ನಿಮ್ಮ ಶಾಲೆಗೆ ಯಾವುದು?

ದೊಡ್ಡ ಶಾಲೆ, ಬಜೆಟ್ಟಿನಲ್ಲಿ ಸ್ವಲ್ಪ ಜಾಗ ಇದೆ ಅಂದರೆ ಕಾಯಂ ಶಿಕ್ಷಕರು, ಅದೂ ಬಜೆಟ್ಟಿನ ದುಡ್ಡಿನಲ್ಲಿ. ವರ್ಷಕ್ಕೊಂದು ರೆಸಿಡೆನ್ಸಿಯನ್ನು ಗ್ರ್ಯಾಂಟಿನಲ್ಲಿ ಸೇರಿಸಿ. ಒಂಟಿಯಾಗಿ ಕೆಲಸ ಮಾಡುವ ಕಲಾ ಶಿಕ್ಷಕರಿಗೂ ಹೊರಗಿನ ಕಲಾವಿದರ ಜೊತೆ ಕೂತು ಮಾತಾಡುವುದೇ ಒಂದು ತರಬೇತಿ.

ಅರವತ್ತು ಎಪ್ಪತ್ತು ಮಕ್ಕಳ ಸಣ್ಣ ಶಾಲೆಗೆ ಕಾಯಂ ಶಿಕ್ಷಕರು ಕನಸು. ಅಲ್ಲಿ ನಾಲ್ಕೈದು ಶಾಲೆ ಸೇರಿ ಒಬ್ಬರನ್ನು ಇಟ್ಟುಕೊಳ್ಳುವುದು ಸರಿ. ದಿನಕ್ಕೊಂದು ಶಾಲೆ. ಇಂಗ್ಲೆಂಡಿನಲ್ಲಿ ಸಂಗೀತಕ್ಕೆ 2012ರಿಂದ ಇರುವ ಮ್ಯೂಸಿಕ್ ಹಬ್‌ಗಳು ದೊಡ್ಡ ಅಳತೆಯಲ್ಲಿ ಮಾಡುವುದು ಇಂಥದ್ದನ್ನೇ, ಒಂದು ಪ್ರದೇಶದ ಶಾಲೆಗಳಿಗೆಲ್ಲ ಕಲಿಸುವವರನ್ನೂ ವಾದ್ಯಗಳನ್ನೂ ಹಂಚುವುದು. 2024ರಲ್ಲಿ ಅವನ್ನು ಒಟ್ಟುಗೂಡಿಸಿ 43 ಮಾಡಿದರು. ಹಂಚಿಕೊಳ್ಳುವಾಗ ಒಂದು ಶಾಲೆ ಲೆಕ್ಕಪತ್ರದ ಹೊಣೆ ಹೊರಬೇಕು, ಇಲ್ಲದಿದ್ದರೆ ಸಂಬಳದ ದಿನ ಎಲ್ಲರೂ ಪಕ್ಕದ ಶಾಲೆಯ ಕಡೆ ಕೈ ತೋರಿಸುತ್ತಾರೆ.

ಕಲೆಯ ಗಂಧವೇ ಇಲ್ಲದ ಶಾಲೆ, ಮೊದಲ ಸಲ ಒಂದು ಗ್ರ್ಯಾಂಟ್ ಬಂದಿದೆ ಅಂದರೆ ರೆಸಿಡೆನ್ಸಿಯಿಂದ ಶುರು ಮಾಡಿ, ಒಬ್ಬಿಬ್ಬರು ಆಸಕ್ತ ಟೀಚರ್‌ಗಳನ್ನು ಅದರೊಳಗೆ ಎಳೆದುಕೊಳ್ಳಿ. ಇಡೀ ಸ್ಟಾಫ್ ಬೇಡ, ಇಬ್ಬರು ಸಾಕು. ನೂರು ಪಾಲು ದುಡ್ಡಿದ್ದರೆ ನಾನು ಅರವತ್ತನ್ನು ಕಲಾವಿದರ ಸಮಯಕ್ಕೆ ಇಡುತ್ತೇನೆ. ಹದಿನೈದು ಟೀಚರ್‌ಗಳ ಯೋಜನೆ ಮತ್ತು ಕಲಿಕೆಗೆ, ಹದಿನೈದು ಸಾಮಾನಿಗೆ, ಐದು ರಿಪೇರಿಗೆ. ಉಳಿದ ಐದನ್ನು ಏನೂ ಹೆಸರಿಡದೆ ಬಿಡುತ್ತೇನೆ, ಬಕೆಟ್ ತರಲಿಕ್ಕೆ ಬೇಕಾಗುತ್ತದೆ.

ಅರ್ಜಿಯಲ್ಲಿ ‘ಕಲೆ ಕಲಿತರೆ ಗಣಿತದ ಅಂಕ ಏರುತ್ತದೆ’ ಅಂತ ಬರೆಯುವ ಆಸೆ ಆಗುತ್ತದೆ. ಬರೆಯಬೇಡಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ 42 ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಲಾವಿದರು, ಪ್ರದರ್ಶನ, ಹೊರಸಂಚಾರ ಎಲ್ಲ ಜಾಸ್ತಿ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ತಂಟೆ ಮಾಡಿ ಶಿಸ್ತಿನ ಕ್ರಮಕ್ಕೆ ಸಿಕ್ಕಿಕೊಳ್ಳುವುದು ಶೇಕಡಾವಾರು ಲೆಕ್ಕದಲ್ಲಿ 3.6 ಅಂಶ ಇಳಿದಿತ್ತು. ಬರವಣಿಗೆಯ ಅಂಕ ಏರಿತ್ತು, ಬೇರೆಯವರ ಕಷ್ಟಕ್ಕೆ ಮರುಗುವ ಗುಣವೂ ಜಾಸ್ತಿಯಾಗಿತ್ತು. ಗಣಿತದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಲದೇ? ಗಣಿತದ ಅಂಕ ಮಾತು ಕೊಟ್ಟು ಗ್ರ್ಯಾಂಟ್ ತಂದವರು ಮುಂದಿನ ವರ್ಷ ಆ ಅಂಕವನ್ನೇ ತೋರಿಸಬೇಕಾಗುತ್ತದೆ.

ಆ ಕೀಬೋರ್ಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವು ವರ್ಷದ ಮೇಲೆ ಹಾಡು ಕಲಿಸಲು ವಾರಕ್ಕೊಂದು ದಿನ ಒಬ್ಬರು ಬರತೊಡಗಿದರು. ಅವರು ಮೊದಲ ದಿನವೇ ಬೀರುವಿನ ಕೀಲಿಕೈ ಕೇಳಿದರು. ಅಡಾಪ್ಟರ್ ತಮ್ಮ ಮನೆಯಿಂದ ತಂದರು. ಕೀಬೋರ್ಡಿನ ನಡುವಿನ ಎರಡು ಬಿಳಿ ಕೀ ಸದ್ದೇ ಮಾಡುತ್ತಿರಲಿಲ್ಲ. ಆರನೇ ಕ್ಲಾಸಿನ ಮಕ್ಕಳು ಆ ಎರಡು ಸ್ವರ ಬಂದಾಗಲೆಲ್ಲ ಬಾಯಲ್ಲೇ ಹಾಡಿ ತುಂಬಿಸುತ್ತಿದ್ದರು. ಸ್ಟಾಫ್ ರೂಮಿನವರೆಗೂ ಕೇಳಿಸುತ್ತಿತ್ತು.